ಎಲಿನಾರ್ ಆಸ್ಟ್ರಮ್ ಅವರ ಸಾಧನೆ

ಪ್ರಶ್ನೆ: ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಅವರ ಡಾಕ್ಟರೇಟ್ ಅರ್ಥಶಾಸ್ತ್ರದಲ್ಲಿ ಇರಲಿಲ್ಲವೆಂದು ಕೇಳಿದ್ದೇನೆ. ಇದು ನಿಜವೇ? ಪ್ರಶಸ್ತಿ ಬಂದುದು ಯಾವ ಕೆಲಸಕ್ಕೆ?

ಉತ್ತರ: ನಿಜ. ಹುಡುಗಿಯೆಂಬ ಕಾರಣಕ್ಕೆ ಶಾಲೆಯಲ್ಲಿ ತ್ರಿಕೋನಮಿತಿ ಕಲಿಯುವ ಅವಕಾಶವನ್ನೇ ಅವರಿಗೆ ಕೊಟ್ಟಿರಲಿಲ್ಲ. ಮುಂದೆ ಅದೇ ಗಣಿತದ ಕೊರತೆಯಿಂದ ಅರ್ಥಶಾಸ್ತ್ರ ಸಂಶೋಧನೆಯ ಬಾಗಿಲು ಮುಚ್ಚಿತು. ಈ ಅನ್ಯಾಯವನ್ನು ನೆನೆದರೆ ಇಂದಿಗೂ ನೋವಾಗುತ್ತದೆ. ಅವರು 1965ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಜ್ಯಶಾಸ್ತ್ರದ ಡಾಕ್ಟರೇಟ್ ಪಡೆದರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅತಿಯಾಗಿ ನೀರೆತ್ತಿದ್ದರಿಂದ ಸಮುದ್ರದ ಉಪ್ಪುನೀರು ಅಂತರ್ಜಲಕ್ಕೆ ನುಗ್ಗುತ್ತಿದ್ದಾಗ, ಬಳಕೆದಾರರೇ ಒಂದುಗೂಡಿ ಮಿತಿ ಹಾಕಿಕೊಂಡ ಬಗೆಯೇ ಅವರ ಪ್ರಬಂಧದ ವಿಷಯ.

ಅಂತರ್ಜಲ, ಗೋಮಾಳದಂತೆ ಹಲವರು ಒಟ್ಟಾಗಿ ಬಳಸುವ ಸಾಮೂಹಿಕ ಸಂಪನ್ಮೂಲವನ್ನು ಸರ್ಕಾರ ಅಥವಾ ಖಾಸಗಿ ಒಡೆತನ ಮಾತ್ರ ಉಳಿಸಬಲ್ಲದು ಎಂಬ ನಂಬಿಕೆಯನ್ನು ಅವರು ತರ್ಕದಿಂದಲ್ಲ, ಕ್ಷೇತ್ರಾಧ್ಯಯನದ ಸಾಕ್ಷ್ಯದಿಂದ ಪ್ರಶ್ನಿಸಿದರು. ಸ್ವಿಟ್ಜರ್ಲೆಂಡ್‌ನ ಟೋರ್ಬೆಲ್ ಗ್ರಾಮದಲ್ಲಿ, ಪ್ರತಿ ರೈತನೂ ಚಳಿಗಾಲದಲ್ಲಿ ತಾನು ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಊರಿನ ಗೋಮಾಳಕ್ಕೆ ಬಿಡಬೇಕೆಂಬ ನಿಯಮ ಶತಮಾನಗಳ ಕಾಲ ನಡೆದುಬಂದಿತ್ತು. ಸ್ಪೇನ್, ಜಪಾನ್, ಫಿಲಿಪ್ಪೀನ್ಸ್‌ಗಳ ನಿದರ್ಶನಗಳೊಂದಿಗೆ, ಸೋತ ವ್ಯವಸ್ಥೆಗಳನ್ನೂ 1990ರ ಗ್ರಂಥದಲ್ಲಿ ಅವರು ದಾಖಲಿಸಿದರು. ನನ್ನ ದೃಷ್ಟಿಯಲ್ಲಿ ಆ ಪ್ರಾಮಾಣಿಕತೆಯೇ ಅದರ ಬಲ. ಈ ಕೆಲಸಕ್ಕೇ ಅವರಿಗೆ ನೊಬೆಲ್ ಬಂದುದು; 2009ರಲ್ಲಿ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡರು.