ಓದುಗರ ಪ್ರಶ್ನೆ, ನಮ್ಮ ಉತ್ತರ: ಗವಿಯ ಬಿರುಕನ್ನು ಅಗಲಿಸಬಹುದೇ?

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟದಲ್ಲಿ ಜಂಬಿಟ್ಟಿಗೆ ಕಲ್ಲಿನ ಗವಿಯೊಂದಿದೆ. ಒಳಗೆ ಸ್ವಲ್ಪ ದೂರ ಬಗ್ಗಿಕೊಂಡು ಹೋದರೆ ಮುಂದೆ ಗೇಣಗಲದ ಬಿರುಕು ಮಾತ್ರ ಉಳಿಯುತ್ತದೆ. ಅದರಿಂದ ತಣ್ಣನೆಯ ಗಾಳಿ ಬರುತ್ತದೆ, ಸಂಜೆ ಬಾವಲಿಗಳು ಹೊರಡುತ್ತವೆ. ಆಚೆ ದೊಡ್ಡ ಜಾಗವಿರಬೇಕೆಂದು ಊರಿನ ಹುಡುಗರು ಹಾರೆ, ಪಿಕಾಸಿ ಹಿಡಿದು ಬಿರುಕು ಅಗಲಿಸಲು ಸಿದ್ಧರಾಗಿದ್ದಾರೆ. ದೊಡ್ಡಪ್ಪ ಬೇಡವೆನ್ನುತ್ತಾರೆ, ಕಾರಣ ಹೇಳುವುದಿಲ್ಲ. ಯಾರಿಗೂ ತೊಂದರೆಯಿಲ್ಲದ ಕೆಲಸದಲ್ಲಿ ತಪ್ಪೇನಿದೆ?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಗಾಳಿ ಬರುತ್ತಿದ್ದರೆ ಆಚೆ ಜಾಗವಿದೆ ಎಂಬ ನಿಮ್ಮ ಹುಡುಗರ ಊಹೆ ಬಹುಮಟ್ಟಿಗೆ ಸರಿಯೇ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೆಚುಗಿಯಾ ಎಂಬ ಗುಹೆ ಬೆಳಕಿಗೆ ಬಂದದ್ದು ಇದೇ ಬಗೆಯ ಸುಳಿವಿನಿಂದ. ಹಿಂದೆ ಬಾವಲಿ ಹಿಕ್ಕೆಯ ಗೊಬ್ಬರ ತೆಗೆಯುತ್ತಿದ್ದ ಒಂದು ಸಾಧಾರಣ ಕುಳಿಯೆಂದೇ ಎಲ್ಲರೂ ತಿಳಿದಿದ್ದ ಅಲ್ಲಿ, ತಳದ ಕಲ್ಲುರಾಶಿಯ ಸಂದಿನಿಂದ ಗಾಳಿ ಬರುವುದನ್ನು ಗಮನಿಸಿದ ಗುಹಾನ್ವೇಷಕರು ಅಗೆದು 1986ರಲ್ಲಿ ಒಳದಾರಿ ಕಂಡುಕೊಂಡರು. ಇಂದು ಅದರಲ್ಲಿ ಅಳೆದು ನಕ್ಷೆ ಮಾಡಿರುವ ಹಾದಿ 240 ಕಿಲೋಮೀಟರಿಗೂ ಹೆಚ್ಚು. ಆದ್ದರಿಂದ ಅಗೆಯುವುದೇ ಪಾಪವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿಯವರು ಮೊದಲು ಆ ನೆಲದ ಹೊಣೆ ಹೊತ್ತಿದ್ದ ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳಿಂದ ಅನುಮತಿ ಪಡೆದರು, ಬಿಗಿದ ಬಂಡೆಯನ್ನು ಒಡೆಯದೆ ಉದುರಿ ತುಂಬಿಕೊಂಡಿದ್ದ ರಾಶಿಯನ್ನು ಸರಿಸಿದರು. ದಾರಿ ತೆರೆದ ಮೇಲೆ ಒಳಗಿನ ಗಾಳಿ ಹೊರಗೆ ಸೋರಿಹೋಗದಂತೆ ಬಿಗಿಯಾದ ಬಾಗಿಲನ್ನೂ ಇಡಲಾಯಿತು. ಪ್ರವಾಸಿಗರಿಗೆ ಇಂದಿಗೂ ಅಲ್ಲಿ ಪ್ರವೇಶವಿಲ್ಲ.

ಆ ಬಾಗಿಲು ಏಕೆ ಬೇಕಾಯಿತೆಂದು ತಿಳಿದರೆ ದೊಡ್ಡಪ್ಪನವರು ಹೇಳದ ಕಾರಣವೂ ತಿಳಿಯುತ್ತದೆ. ಹೊರಗೆ ಮಾಘದ ಚಳಿಯಿರಲಿ, ಚೈತ್ರದ ಬಿಸಿಲಿರಲಿ, ಗವಿಯ ಒಳಭಾಗದ ಉಷ್ಣತೆ ಮತ್ತು ತೇವ ಹೆಚ್ಚು ಏರಿಳಿಯುವುದಿಲ್ಲ. ಕಿರಿದಾದ ಬಾಯಿ ಆ ಸ್ಥಿರತೆಯನ್ನು ಕಾಯುತ್ತಿರುತ್ತದೆ. ಗೇಣಗಲದ ಬಿರುಕನ್ನು ಆಳು ನುಸುಳುವಷ್ಟು ಮಾಡಿದರೆ ಒಳಗೆ ಹೋಗಿಬರುವ ಗಾಳಿ ಎಷ್ಟೋ ಪಾಲು ಹೆಚ್ಚುತ್ತದೆ, ತೇವ ಆರುತ್ತದೆ, ಮತ್ತು ಮರಿ ಸಾಕಲು ತಕ್ಕ ಜಾಗವೆಂದು ಅದನ್ನು ಆರಿಸಿಕೊಂಡ ಬಾವಲಿಗಳಿಗೆ ಅದು ತಕ್ಕ ಜಾಗವಾಗಿ ಉಳಿಯದೆ ಹೋಗಬಹುದು. ಅಡಿಕೆ ಚೀಪುವ ದೊಡ್ಡ ಬಾವಲಿಯ ಮೇಲೆ ತೋಟದವರಿಗೆ ಸಿಟ್ಟಿರುವುದು ನನಗೆ ಗೊತ್ತು. ಆದರೆ ಇಂಥ ಬಿರುಕಿನಲ್ಲಿ ಇರುವವು ಸಾಮಾನ್ಯವಾಗಿ ಹುಳುಹುಪ್ಪಟೆ ತಿನ್ನುವ ಚಿಕ್ಕ ಜಾತಿಗಳು.

ಒಂದು ಗವಿ ಕೆಟ್ಟರೆ ಇನ್ನೊಂದಕ್ಕೆ ಹೋಗುತ್ತವೆ ಎಂಬ ಸಮಾಧಾನವೂ ಎಲ್ಲ ಕಡೆ ಸಲ್ಲದು. ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಯಲ್ಲಿ 1912ರಲ್ಲಿ ಸಿಕ್ಕ ರಾಟನ್ ಬಾವಲಿಗೆ ಬಹುಕಾಲ ಜಗತ್ತಿನಲ್ಲಿ ಅದೊಂದೇ ನೆಲೆಯೆಂದು ತಿಳಿಯಲಾಗಿತ್ತು. ಮೇಘಾಲಯದಲ್ಲೂ ಅದು ಕಂಡದ್ದು ಈಚೆಗೆ. ಕೋಲಾರದ ಎಲೆಮೂಗಿನ ಬಾವಲಿಯಂತೂ ಹನುಮನಹಳ್ಳಿಯ ಗವಿಯೊಂದನ್ನೇ ನೆಚ್ಚಿಕೊಂಡಿದೆ. ನಿಮ್ಮ ಬಿರುಕಿನಾಚೆ ಯಾವ ಜಾತಿಯಿದೆಯೆಂದು ಯಾರೂ ನೋಡದಿರುವಾಗ ‘ಯಾರಿಗೂ ತೊಂದರೆಯಿಲ್ಲ’ ಎಂಬ ಮಾತನ್ನು ನೀವು ಯಾವ ಆಧಾರದ ಮೇಲೆ ಹೇಳುತ್ತೀರಿ?

ಇನ್ನು ಕಲ್ಲಿನ ವಿಷಯ. ಜಂಬಿಟ್ಟಿಗೆ ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆಂಬುದು ಮನೆ ಕಟ್ಟಿದ ಮಲೆನಾಡಿನವರಿಗೆಲ್ಲ ತಿಳಿದದ್ದೇ. ಮೇಲಿನ ಗಟ್ಟಿ ಪದರದ ಕೆಳಗಿನ ಮೃದುವಾದ ಜೇಡಿಯನ್ನು ಮಳೆನೀರು ಕೊಚ್ಚಿಕೊಂಡು ಹೋದಾಗ ಇಂಥ ಗವಿಗಳು ಉಂಟಾಗುತ್ತವೆ. ಹಾಗಾಗಿ ಬದಿಯನ್ನು ಕೆತ್ತಿದವರಿಗೆ ಒಳಗಿನ ಹಸಿ ಭಾಗವೇ ಎದುರಾಗುತ್ತದೆ, ಮೇಲಿನ ಚಪ್ಪಡಿ ಯಾವುದರ ಮೇಲೆ ನಿಂತಿದೆಯೆಂಬುದು ಹೊರಗಿನಿಂದ ಕಾಣುವುದಿಲ್ಲ. ನೀತಿಯ ಮಾತು ಹಾಗಿರಲಿ, ಇಲ್ಲಿ ಜೀವದ ಪ್ರಶ್ನೆಯೂ ಇದೆ.

ಕುತೂಹಲ ತಪ್ಪಲ್ಲ. ಆದರೆ ಅಡ್ಡಬಿದ್ದ ಸಡಿಲ ಕಲ್ಲನ್ನು ಸರಿಸಿ ಮತ್ತೆ ಅಲ್ಲೇ ಇಡಬಹುದು, ಕೆತ್ತಿದ ಬಂಡೆಯನ್ನು ಮತ್ತೆ ಬೆಸೆಯಲಾಗದು. ಈ ವ್ಯತ್ಯಾಸದ ಮೇಲೆಯೇ ನನ್ನ ತೀರ್ಮಾನ ನಿಂತಿದೆ. ನೆಲದ ಮಣ್ಣನ್ನು ಬಾಚುವುದನ್ನೂ ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಮೂಳೆ, ಬೂದಿ, ಮಡಕೆಯ ಚೂರುಗಳು ಪದರಪದರವಾಗಿ ಉಳಿಯುವುದು ಅಲ್ಲಿಯೇ. ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದರೆ ಲೆಕ್ಕವೇ ಬೇರೆ: 2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ ಸಿಲುಕಿದ್ದ ಹನ್ನೆರಡು ಹುಡುಗರನ್ನೂ ಅವರ ತರಬೇತುದಾರನನ್ನೂ ಉಳಿಸಲು ನೀರಿನ ದಾರಿಯನ್ನೇ ತಿರುಗಿಸಿದಾಗ ಯಾವ ವಿವೇಕಿಯೂ ಆಕ್ಷೇಪಿಸಲಾರ. ನಿಮ್ಮಲ್ಲಿ ಅಂಥ ತುರ್ತು ಇಲ್ಲ.

ಹಕ್ಕಿನ ಬಗ್ಗೆಯೂ ಒಂದು ಮಾತು. ಸೊಪ್ಪಿನಬೆಟ್ಟದಲ್ಲಿ ತೋಟದವರಿಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ಪಡೆಯುವ ಸೌಲಭ್ಯ, ನೆಲ ಸರ್ಕಾರದ್ದು. ಅರಣ್ಯ ಇಲಾಖೆಗೆ ತಿಳಿಸದೆ ಅಲ್ಲಿ ಹಾರೆ ಹಾಕುವಂತಿಲ್ಲ. ಸದ್ಯಕ್ಕೆ ಕೋಲಿನ ತುದಿಗೆ ಚಿಕ್ಕ ಕ್ಯಾಮೆರಾ ಕಟ್ಟಿ, ಬಾವಲಿಗಳು ಹೊರಗೆ ಹೋದ ಮೇಲೆ ಮಂದ ಬೆಳಕಿನಲ್ಲಿ ಒಂದೆರಡು ನಿಮಿಷ ನೋಡಿ. ಮರಿಗಳು ಕಂಡರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ನಮ್ಮ ಗುಡ್ಡದ ಗವಿಯಲ್ಲಿ ದೇವರಿದೆ. ಭಕ್ತರ ಅನುಕೂಲಕ್ಕಾಗಿ ಸಿಮೆಂಟಿನ ಮೆಟ್ಟಿಲು, ನೆಲಕ್ಕೆ ಟೈಲ್ಸ್, ಸದಾ ಉರಿಯುವ ವಿದ್ಯುದ್ದೀಪ ಹಾಕಿಸಬೇಕೆಂದು ಸಮಿತಿ ಯೋಚಿಸಿದೆ. ಇದೂ ತಪ್ಪೇ?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ತಲೆಮಾರುಗಳಿಂದ ಪೂಜೆ ನಡೆಯುತ್ತಿರುವ ಗವಿಯನ್ನು ಯಾರೂ ಮುಟ್ಟದ ಗವಿಯಂತೆ ನೋಡಬೇಕೆಂದು ನಾನು ಹೇಳಲಾರೆ, ಜಾರುವ ಕಡೆ ಹಿಡಿಯಲು ಒಂದು ಸರಪಳಿ ಹಾಕುವುದರಲ್ಲಿ ಆಕ್ಷೇಪವಿಲ್ಲ, ಅದನ್ನು ಬೇಕಾದಾಗ ತೆಗೆಯಲೂಬಹುದು. ಸದಾ ಉರಿಯುವ ದೀಪಕ್ಕೆ ಮಾತ್ರ ನನ್ನ ವಿರೋಧವಿದೆ. ಬೆಳಕು ಬಿದ್ದ ತೇವದ ಗೋಡೆಗೆ ಪಾಚಿ ಹಿಡಿಯುತ್ತದೆ. ಫ್ರಾನ್ಸಿನ ಲಾಸ್ಕೊ ಗುಹೆಯ ಪ್ರಾಚೀನ ಚಿತ್ರಗಳು 1940ರಲ್ಲಿ ಪತ್ತೆಯಾದವು. 1948ರಲ್ಲಿ ಬಾಗಿಲು ಅಗಲಿಸಿ, ದೀಪ ಹಾಕಿ, ಜನರಿಗೆ ತೆರೆದರು. ಜನರ ಉಸಿರು ಮತ್ತು ದೀಪದ ಬೆಳಕಿನಿಂದ ಗೋಡೆ ಹಸಿರಾಗತೊಡಗಿ 1963ರಲ್ಲಿ ಮುಚ್ಚಬೇಕಾಯಿತು. ನಿಮ್ಮಲ್ಲಿ ಚಿತ್ರಗಳಿಲ್ಲದಿರಬಹುದು, ಪಾಚಿಗೆ ಅದರ ಚಿಂತೆಯಿಲ್ಲ. ಪೂಜೆಯ ಹೊತ್ತಿಗೆ ಎಣ್ಣೆದೀಪ, ಬಂದವರ ಕೈಯಲ್ಲಿ ಟಾರ್ಚು, ಇಷ್ಟು ಸಾಕು. ಟೈಲ್ಸಿನ ಕೆಳಗೆ ನೀರು ಇಂಗಲು ದಾರಿಯಿರುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಅದು ನಿಮ್ಮ ಸಮಿತಿಗೇ ತಲೆನೋವಾದೀತು. ಮಂಗಳೂರಿನ ಕಡೆಯ ನೆಲ್ಲಿತೀರ್ಥದ ಗುಹಾಲಯದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಭಕ್ತರನ್ನು ಒಳಗೆ ಬಿಡುವುದಿಲ್ಲ. ಆ ಪದ್ಧತಿಯನ್ನು ನಿಮ್ಮ ಸಮಿತಿಯೂ ಯೋಚಿಸಬಹುದು.

ಪ್ರಶ್ನೆ: ಪ್ರವಾಸದಿಂದ ಬಂದ ಸ್ನೇಹಿತ ಸುಣ್ಣಕಲ್ಲಿನ ಗುಹೆಯಿಂದ ಮುರಿದ ಒಂದು ಬೆರಳುದ್ದದ ಇಳಿಗಲ್ಲನ್ನು (ಗುಹೆಯ ಚಾವಣಿಯಿಂದ ಇಳಿಬಿದ್ದು ಬೆಳೆಯುವ ಸುಣ್ಣದ ಕಲ್ಲು) ಕೊಟ್ಟಿದ್ದಾನೆ. ಹಿಂದಿರುಗಿಸಬೇಕೇ?
— ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹಿಂದಿರುಗಿಸಿದರೂ ಅದು ಅಂಟಿಕೊಳ್ಳುವುದಿಲ್ಲ. ಇಳಿಗಲ್ಲು ಸಾಮಾನ್ಯವಾಗಿ ವರ್ಷಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬೆಳೆಯುವುದರಿಂದ ನಿಮ್ಮ ಮೇಜಿನ ಮೇಲಿರುವುದು ನೂರಾರು ವರ್ಷಗಳ ಕೆಲಸ. ಅದರ ಪದರಗಳಲ್ಲಿ ಮಳೆಯ ಏರಿಳಿತದ ದಾಖಲೆಯಿರುತ್ತದೆ. ಮೇಘಾಲಯದ ಮಾಮ್ಲು ಗುಹೆಯಲ್ಲಿ ನೆಲದಿಂದ ಮೇಲಕ್ಕೆ ಬೆಳೆದ ಏರುಗಲ್ಲೊಂದು 4,200 ವರ್ಷಗಳ ಹಿಂದಿನ ಬರಗಾಲದ ಗುರುತನ್ನು ಉಳಿಸಿಕೊಂಡಿದ್ದರಿಂದಲೇ 2018ರಲ್ಲಿ ಭೂವಿಜ್ಞಾನಿಗಳು ಆ ಕಾಲದಿಂದ ಈಚಿನ ಅವಧಿಗೆ ಮೇಘಾಲಯದ ಹೆಸರಿಟ್ಟರು. ಯಾವ ಗುಹೆ, ಯಾವ ಭಾಗದಿಂದ ಮುರಿದದ್ದೆಂದು ಸ್ನೇಹಿತನನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು, ಕಲ್ಲಿನೊಂದಿಗೆ ನಿಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಕೊಡಿ. ಚೀಟಿಯಿಲ್ಲದಿದ್ದರೆ ಅವರಿಗೂ ಅದರಿಂದ ಹೆಚ್ಚಿನ ಉಪಯೋಗವಿಲ್ಲ.