ಫ್ರಾಂಕ್‌ಫರ್ಟ್‌ನಲ್ಲೇ ಸ್ವಿಟ್ಜರ್ಲೆಂಡಿನ ಬಾಗಿಲು

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಬಹಳ ಕಾಲ ಟ್ರಾವೆಲ್ ಏಜೆನ್ಸಿ ನಡೆಸಿದ ನಮ್ಮ ಅಂಕಣಗಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮಗಳು ಝೂರಿಕ್‌ನಲ್ಲಿದ್ದಾಳೆ. ನಾನು, ನಮ್ಮ ಯಜಮಾನರು ಫ್ರಾಂಕ್‌ಫರ್ಟ್ ಮೇಲೆ ಹೋಗುತ್ತಿದ್ದೇವೆ. ವೀಸಾ ಕೊಟ್ಟಿದ್ದು ಸ್ವಿಟ್ಜರ್ಲೆಂಡ್. ಆದರೆ ಇಮಿಗ್ರೇಷನ್ ಜರ್ಮನಿಯಲ್ಲೇ ಮುಗಿಯುತ್ತದೆ ಅಂತಾಳೆ ಮಗಳು. ಜರ್ಮನಿಯವರಿಗೆ ನಮ್ಮ ಉಸಾಬರಿ ಯಾಕೆ?
– ಓದುಗರು, ಶಿವಮೊಗ್ಗ

ಉತ್ತರ: ಮಗಳು ಹೇಳಿದ್ದು ಸರಿ. ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನಿಯ ಫೆಡರಲ್ ಪೊಲೀಸರು ನಿಮ್ಮ ಪಾಸ್‌ಪೋರ್ಟ್ ನೋಡುತ್ತಾರೆ. ಅಲ್ಲಿಂದ ಮುಂದೆ ಝೂರಿಕ್ ವಿಮಾನ ಅಂದರೆ ನಮ್ಮ ಬೆಂಗಳೂರು–ಮುಂಬೈ ಇದ್ದ ಹಾಗೆ. ಇಳಿದು, ಸೂಟ್‌ಕೇಸ್ ಎತ್ತಿಕೊಂಡು ಹೊರಗೆ ಬರುವುದಷ್ಟೇ. ನಮ್ಮ ಆಫೀಸಿನ ಗಿರಾಕಿ, ರಿಟೈರ್ಡ್ ಮೇಷ್ಟ್ರೊಬ್ಬರು, ಝೂರಿಕ್‌ನಲ್ಲಿ ಅರ್ಧ ಗಂಟೆ ಇಮಿಗ್ರೇಷನ್ ಕೌಂಟರ್ ಹುಡುಕಿದ್ದರಂತೆ. ಆ ದಾರಿಯಲ್ಲಿ ಇಲ್ಲದ್ದು ಎಲ್ಲಿಂದ ಸಿಗಬೇಕು!

ಇದು ಹೇಗೆ ಅಂದರೆ, ವಠಾರ ನೆನಪಿದೆಯಲ್ಲ? ಒಳಗೆ ಮನೆಯಿಂದ ಮನೆಗೆ ಓಡಾಡಲು ಯಾರೂ ಕೇಳುವುದಿಲ್ಲ, ಕೇಳುವುದೆಲ್ಲ ಹೆಬ್ಬಾಗಿಲಿನಲ್ಲಿ. ಒಳಗಿನ ಗಡಿಗಳಲ್ಲಿ ತಪಾಸಣೆ ಬೇಡ ಅಂತ ಒಪ್ಪಿಕೊಂಡ ದೇಶಗಳ ಗುಂಪೇ ಷೆಂಗೆನ್, ಆ ವಠಾರದಲ್ಲಿ ಈಗ 29 ದೇಶ. ನೀವು ಯಾವ ಬಾಗಿಲಿನಿಂದ ಒಳಗೆ ಬರುತ್ತೀರೋ ಆ ದೇಶದವರು ಉಳಿದ 28ರ ಪರವಾಗಿಯೂ ನಿಮ್ಮನ್ನು ಕೇಳುತ್ತಾರೆ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ಅಲ್ಲ, ಆದರೂ ಇದರಲ್ಲಿದೆ. ಐರ್ಲೆಂಡ್ ಒಕ್ಕೂಟದ ಸದಸ್ಯ, ಆದರೆ ಇದರಲ್ಲಿಲ್ಲ. ಬ್ರಿಟನ್ನಂತೂ ಯಾವತ್ತೂ ಇರಲಿಲ್ಲ. ಹಾಗಾಗಿ ಲಂಡನ್ನಿಗೂ ಹೋಗಿಬರೋಣ ಅಂತ ಸುಮ್ನೆ ಹೊರಟುಬಿಡಬೇಡಿ, ಅದಕ್ಕೆ ಬೇರೆ ವೀಸಾ ಬೇಕು.

ಷೆಂಗೆನ್ ಅನ್ನುವುದು ಲಕ್ಸೆಂಬರ್ಗಿನ ಒಂದು ಪುಟ್ಟ ಹಳ್ಳಿ. ಅದರ ಎದುರಿನ ಮೊಸೆಲ್ ನದಿಯಲ್ಲಿ, ಒಂದು ದೋಣಿಯ ಮೇಲೆ, 1985ರ ಜೂನ್ 14ರಂದು ಐದು ದೇಶಗಳು ಸಹಿ ಹಾಕಿದವು: ಫ್ರಾನ್ಸ್, ಆಗಿನ ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್‌ಲೆಂಡ್ಸ್, ಲಕ್ಸೆಂಬರ್ಗ್. ಸಹಿಯೇನೋ ಬೇಗ ಆಯಿತು. ಗಡಿಯ ತಪಾಸಣೆ ನಿಜವಾಗಿ ನಿಂತದ್ದು 1995ರ ಮಾರ್ಚ್‌ನಲ್ಲಿ. ಹತ್ತು ವರ್ಷ ಹಿಡಿಯಿತು ಅಂತ ನಗಬೇಡಿ. ನನ್ನ ಮನೆಗೆ ಯಾರು ಬರಬಹುದು ಅನ್ನುವುದನ್ನು ಪಕ್ಕದವನು ತೀರ್ಮಾನಿಸಲಿ ಅಂತ ಬಿಟ್ಟುಕೊಡುವುದು ಯಾವ ದೇಶಕ್ಕೂ ಸುಲಭ ಅಲ್ಲ. ಎಲ್ಲರೂ ನೋಡುವ ಒಂದೇ ಕಂಪ್ಯೂಟರ್ ಪಟ್ಟಿ ಮೊದಲು ಬೇಕಿತ್ತು. ಅದರ ಕೇಂದ್ರ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದೆ. ಒಂದು ದೇಶ 'ಇವರನ್ನು ಒಳಗೆ ಬಿಡಬೇಡಿ' ಅಂತ ಅದರಲ್ಲಿ ಬರೆದರೆ, ಲಿಸ್ಬನ್‌ನಲ್ಲಿ ಇಳಿದರೂ ಗೊತ್ತಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಮಗಳ ಆಹ್ವಾನ ಪತ್ರ, ವಾಪಸ್ ಟಿಕೆಟ್, ಇನ್ಶೂರೆನ್ಸ್ ಕೈಚೀಲದಲ್ಲಿರಲಿ. ಸೂಟ್‌ಕೇಸಿನಲ್ಲಿಟ್ಟರೆ ಅದು ನಿಮಗಿಂತ ಮೊದಲೇ ಝೂರಿಕ್ ವಿಮಾನ ಹತ್ತಿರುತ್ತದೆ. ಎಷ್ಟು ದಿನ, ಯಾರ ಮನೆ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. 2025ರ ಅಕ್ಟೋಬರ್ 12ರಿಂದ ಸೀಲಿನ ಬದಲು ಕಂಪ್ಯೂಟರ್ ದಾಖಲೆ ಶುರುವಾಗಿದೆ. ಮುಖದ ಫೋಟೋ ತೆಗೆದು, ನಿಮ್ಮ ಬೆರಳಚ್ಚನ್ನು ವೀಸಾಗೆ ಕೊಟ್ಟಿದ್ದರ ಜೊತೆ ತಾಳೆ ನೋಡುತ್ತಾರೆ. ಸಾಲು ನಿಧಾನ. ಎರಡು ವಿಮಾನದ ನಡುವೆ ಮೂರು ಗಂಟೆ ಇಟ್ಟುಕೊಳ್ಳಿ, ಅಗ್ಗದ ಟಿಕೆಟ್ಟಿನ ಆಸೆಗೆ ಒಂದು ಗಂಟೆಯದು ಬೇಡ.

ಪ್ರಶ್ನೆ: ಜರ್ಮನಿಯಲ್ಲಿ 90 ದಿನ ಇದ್ದು, ಆಮೇಲೆ ಇಟಲಿಗೆ ಹೋದರೆ ಹೊಸದಾಗಿ 90 ದಿನ ಸಿಗುತ್ತದಾ?
– ಓದುಗರು, ಮಂಗಳೂರು

ಉತ್ತರ: ಇಲ್ಲ ಮಾರಾಯ್ರೇ. ಯಾವುದೇ 180 ದಿನದಲ್ಲಿ 90 ದಿನ, 29 ದೇಶವೂ ಸೇರಿ. ನಿಮ್ಮ ವೀಸಾದಲ್ಲಿ ಕಡಿಮೆ ದಿನ ಬರೆದಿದ್ದರೆ ಅಷ್ಟೇ. ಮೊದಲು ಸೀಲು ಮಸುಕಾಗಿದ್ದರೆ ಬಚಾವಾಗುತ್ತಿದ್ದವರಿದ್ದರು. ಈಗ ದಿನ ಎಣಿಸುವುದು ಯಂತ್ರ.

ಪ್ರಶ್ನೆ: ಒಳಗಿನ ದೇಶಗಳು ಆರಾಮ, ಅಂಚಿನ ದೇಶಗಳಿಗೆ ಮಾತ್ರ ಕಾವಲಿನ ಕಷ್ಟ. ಇದು ಯಾವ ನ್ಯಾಯ?
– ಓದುಗರು, ಹುಬ್ಬಳ್ಳಿ

ಉತ್ತರ: ನ್ಯಾಯ ಅಂತ ನಾನೂ ಹೇಳಲಾರೆ. ಗ್ರೀಸಿನ ಲೆಸ್ಬೋಸ್ ದ್ವೀಪದ ಉತ್ತರ ತೀರದಲ್ಲಿ ನಿಂತರೆ ಎದುರಿಗೇ ಟರ್ಕಿ ಕಾಣುತ್ತದೆ. 2015ರಲ್ಲಿ ಸಮುದ್ರ ದಾಟಿ ಗ್ರೀಸಿಗೆ ಬಂದವರು 8 ಲಕ್ಷಕ್ಕೂ ಜಾಸ್ತಿ. ಆಶ್ರಯ ಕೇಳಿದವರು ಮೊದಲು ಕಾಲಿಟ್ಟ ದೇಶವೇ ಅವರ ಅರ್ಜಿ ನೋಡಬೇಕು ಅನ್ನುವುದು ಸಾಮಾನ್ಯವಾಗಿ ನಡೆದುಬಂದ ನಿಯಮ. ಅಂದರೆ ಭಾರ ಬೀಳುವುದು ಗ್ರೀಸ್, ಇಟಲಿಗಳ ಮೇಲೆಯೇ. 2024ರಲ್ಲಿ ಒಕ್ಕೂಟ ಹೊಸ ಒಪ್ಪಂದ ಪಾಸು ಮಾಡಿತು: ಉಳಿದವರು ಒಂದಿಷ್ಟು ಜನರನ್ನು ಕರೆದುಕೊಳ್ಳಬೇಕು, ಇಲ್ಲವೇ ದುಡ್ಡು ಕೊಡಬೇಕು, ಅದೂ ಆಗದಿದ್ದರೆ ಬೇರೆ ಸಹಾಯ ಮಾಡಬೇಕು. ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುವವರೇ ಜಾಸ್ತಿ ಆಗುತ್ತಾರೆ ಅಂತ ನನ್ನ ಅನುಮಾನ.

ಕಾವಲಿಗೆ ಮಾತ್ರ ಕೈ ಜೋಡಿಸುವವರಿದ್ದಾರೆ. ಫ್ರಾಂಟೆಕ್ಸ್ ಅಂತ ಒಕ್ಕೂಟದ ಗಡಿ ಸಂಸ್ಥೆ ಇದೆ, ಮುಖ್ಯ ಕಚೇರಿ ಪೋಲೆಂಡಿನ ವಾರ್ಸಾದಲ್ಲಿ. 2023ರ ಕೊನೆಗೆ ಫಿನ್ಲೆಂಡ್ ರಷ್ಯಾ ಕಡೆಯ ದಾಟುದಾರಿಗಳನ್ನು ಮುಚ್ಚಿತು. ಆಗ ಬೇರೆ ದೇಶಗಳ ಅಧಿಕಾರಿಗಳು ಈ ಸಂಸ್ಥೆಯ ಮೂಲಕ ಅಲ್ಲಿಗೆ ಹೋಗಿ ನಿಂತರು. ಆ ಗಡಿ ಸುಮಾರು 1,340 ಕಿಲೋಮೀಟರ್ ಉದ್ದ. ಒಂದೇ ದೇಶ ಕಾಯುವ ಮಾತಲ್ಲ.

ಆದರೆ ನನಗೆ ಹೆಚ್ಚು ಇಷ್ಟ ಆಗಿರುವುದು ನಾರ್ವೆ–ಸ್ವೀಡನ್ ಕಸ್ಟಮ್ಸ್ ವ್ಯವಸ್ಥೆ. ನಾರ್ವೆ ಒಕ್ಕೂಟದಲ್ಲಿಲ್ಲ, ಹಾಗಾಗಿ ಜನಕ್ಕೆ ಗಡಿ ಇಲ್ಲದಿದ್ದರೂ ಸರಕಿಗೆ ಇದೆ. ಸುಮಾರು 1,600 ಕಿಲೋಮೀಟರ್ ಉದ್ದಕ್ಕೂ ಎರಡೆರಡು ಚೌಕಿ ಕಟ್ಟುವ ಬದಲು, 1959ರಲ್ಲೇ ಕೆಲಸ ಹಂಚಿಕೊಂಡರು. ಕೆಲವು ಕಡೆ ನಾರ್ವೆಯ ಕಾಗದಪತ್ರ ಮುಗಿಸಿಕೊಡುವವರು ಸ್ವೀಡನ್ನಿನ ಅಧಿಕಾರಿಗಳು, ಇನ್ನು ಕೆಲವು ಕಡೆ ಇದಕ್ಕೆ ಉಲ್ಟಾ. ಗಡಿಯಿಂದ 15 ಕಿಲೋಮೀಟರ್ ಒಳಗಿನವರೆಗೂ ಒಬ್ಬರ ನೆಲದಲ್ಲಿ ಇನ್ನೊಬ್ಬರು ಕೆಲಸ ಮಾಡಬಹುದು. ಲಾರಿ ಡ್ರೈವರ್ ಒಂದೇ ಸಲ ಇಳಿದರೆ ಸಾಕು. ನಮ್ಮ ಕಡೆ ಚೆಕ್‌ಪೋಸ್ಟ್‌ಗಳಲ್ಲಿ ಲಾರಿ ಸಾಲು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ, ಅಲ್ವಾ?

ಪ್ರಶ್ನೆ: ಗಡಿಯೇ ಇಲ್ಲ ಅಂತೀರಿ. ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್ ರೈಲಿನಲ್ಲಿ ಪೊಲೀಸರು ನಮ್ಮ ಪಾಸ್‌ಪೋರ್ಟ್ ನೋಡಿದರಲ್ಲ?
– ಓದುಗರು, ಮೈಸೂರು

ಉತ್ತರ: ನೋಡುತ್ತಾರೆ. ಭದ್ರತೆಯ ಕಾರಣ ಕೊಟ್ಟು ತಾತ್ಕಾಲಿಕವಾಗಿ ತಪಾಸಣೆ ಮಾಡಲು ಷೆಂಗೆನ್ ನಿಯಮವೇ ಅವಕಾಶ ಕೊಡುತ್ತದೆ. ಆಸ್ಟ್ರಿಯಾ ಕಡೆಯಿಂದ ಬರುವವರಿಗೆ ಜರ್ಮನಿ ಇದನ್ನು ಶುರು ಮಾಡಿದ್ದು 2015ರಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಿಗೂ ಹಬ್ಬಿಸಿತು. ತಾತ್ಕಾಲಿಕ ಅನ್ನುವುದಕ್ಕೆ ಅಲ್ಲೂ ನಮ್ಮಲ್ಲಿರುವ ಅರ್ಥವೇ ಇದೆ ಅನ್ನಿ. ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಊರು ಸುತ್ತಲು ಹೋಗಬೇಡಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿರುವ ಮಗನಿಗೆ ಧಾರವಾಡ ಪೇಡ, ಮನೆ ತುಪ್ಪ, ಕರಿಬೇವು ಒಯ್ಯಬಹುದೇ?
– ಓದುಗರು, ಧಾರವಾಡ

ಉತ್ತರ: ಮೂರೂ ಆಗುವುದಿಲ್ಲ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಒಕ್ಕೂಟದೊಳಗೆ ಬಿಡುವುದಿಲ್ಲ. ದನಕರುಗಳ ರೋಗ ಒಂದು ದೇಶಕ್ಕೆ ಬಂದರೆ ಎಲ್ಲ ಕಡೆ ಹಬ್ಬುತ್ತದೆ ಅನ್ನುವ ಭಯ. ಹಸಿ ಸೊಪ್ಪಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಇಲ್ಲದೆ ಒಯ್ಯಬಹುದಾದ ಹಣ್ಣು ಐದೇ: ಬಾಳೆ, ತೆಂಗು, ಖರ್ಜೂರ, ಅನಾನಸ್, ಡೂರಿಯನ್. ಕಾಯಿ ಒಯ್ಯಿರಿ, ಕರಿಬೇವನ್ನು ಮಗ ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ವಿಚಾರಿಸಲಿ. ಪೇಡ ಬೇಕೇಬೇಕು ಅಂದರೆ ಅವನೇ ರಜೆಗೆ ಊರಿಗೆ ಬರಬೇಕು.