ಯಾವ ಊರಿನವರು ಹಾಡಿದ್ದು?

(ಈ ಸಂಚಿಕೆಯಲ್ಲಿ ರೇಡಿಯೊ ಕುರಿತ ಪತ್ರಗಳು. ಉತ್ತರಿಸುವವರು ಬೆಂಗಳೂರಿನ ಖಾಸಗಿ ಎಫ್‌ಎಂ ಒಂದರಲ್ಲಿ ಹನ್ನೊಂದು ವರ್ಷ ಹಾಡಿನ ಪಟ್ಟಿ ಹಾಕುವ ಕೆಲಸದಲ್ಲಿದ್ದು, ಈಗ ಹಾಸನದಲ್ಲಿ ನೆಲೆಸಿರುವ ನಮ್ಮ ಅಂಕಣಕಾರ್ತಿ.)

ಪ್ರಶ್ನೆ: ಬೇಲೂರಿನಲ್ಲಿ ನಮ್ಮದೊಂದು ಬೇಕರಿ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದಾಗಿನಿಂದ ರೇಡಿಯೊ ಹಾಡುತ್ತಲೇ ಇರುತ್ತದೆ. ಮೊನ್ನೆ ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಕ್ಯಾಬಿನಲ್ಲಿ ಮುಕ್ಕಾಲು ಗಂಟೆ ಕೂತರೂ ಎಫ್‌ಎಂನಲ್ಲಿ ಒಂದು ಕನ್ನಡ ಹಾಡು ಬರಲಿಲ್ಲ. ಫ್ರಾನ್ಸ್, ಕೆನಡಾದಲ್ಲಿ ತಮ್ಮವರ ಹಾಡನ್ನು ನೂರಕ್ಕೆ ಇಷ್ಟು ಅಂತ ಹಾಕಲೇಬೇಕೆಂಬ ಕಾನೂನಿದೆಯಂತೆ. ನಮ್ಮಲ್ಲಿ ಯಾಕಿಲ್ಲ? ಹಾಸನಕ್ಕೂ ಖಾಸಗಿ ಎಫ್‌ಎಂ ಬರುತ್ತದೆ ಎನ್ನುತ್ತಾರೆ. ಬಂದರೆ ನಾವು ಏನು ಕೇಳಬೇಕು?

ಉತ್ತರ: ಕಾನೂನು ಇರುವುದು ನಿಜ. ಪಕ್ಕದ ಅಮೆರಿಕದ ಹಾಡುಗಳ ಅಬ್ಬರದಲ್ಲಿ ತಮ್ಮ ಹುಡುಗರ ದನಿಯೇ ಕೇಳಿಸುತ್ತಿಲ್ಲ ಎಂದು ಕೆನಡಾದವರು 1971ರಲ್ಲಿ ನೂರಕ್ಕೆ 30 ಹಾಡು ತಮ್ಮ ದೇಶದ್ದೇ ಇರಬೇಕೆಂದು ಹೇಳಿದರು. ಆಮೇಲೆ ಅದನ್ನು 35ಕ್ಕೆ ಏರಿಸಿದರು. ಫ್ರಾನ್ಸಿನಲ್ಲಿ 1994ರಲ್ಲಿ ಕಾನೂನಾಗಿ 1996ರ ಜನವರಿ 1ರಿಂದ ಜಾರಿಗೆ ಬಂತು: ನೂರಕ್ಕೆ 40 ಫ್ರೆಂಚ್ ಹಾಡು, ಅದರಲ್ಲೂ ಅರ್ಧ ಹೊಸಬರದ್ದು ಇಲ್ಲವೇ ಹೊಸದಾಗಿ ಬಂದದ್ದು. ನಮ್ಮ ದೇಶದ ಖಾಸಗಿ ಎಫ್‌ಎಂಗಳಿಗೆ ಹಾಡಿನ ಭಾಷೆಯ ಲೆಕ್ಕ ಕಟ್ಟಿಲ್ಲ. ಕೇಂದ್ರ ಸರ್ಕಾರದ 2011ರ ಮೂರನೇ ಹಂತದ ಎಫ್‌ಎಂ ನೀತಿಯಲ್ಲಿ ದಿನದ ಪ್ರಸಾರದ ನೂರಕ್ಕೆ 20 ಭಾಗ ಸ್ಥಳೀಯ ವಿಷಯಕ್ಕೆ ಮೀಸಲಿರಬೇಕು ಎಂಬ ಮಾತಿದೆ. ವಿಷಯ ಅಂದರೆ ಹಾಡೇ ಆಗಬೇಕಿಲ್ಲವಲ್ಲ. ಆರ್‌ಜೆ ಆಡುವ ಊರಿನ ಮಾತೂ ವಿಷಯವೇ.

ಆದರೆ ನೂರಕ್ಕೆ ಇಷ್ಟು ಅಂತ ಬರೆದುಬಿಟ್ಟರೆ ಕೆಲಸ ಆಯಿತು ಅಂದುಕೊಳ್ಳಬೇಡಿ. ಆ ಲೆಕ್ಕವನ್ನು ಸ್ಟೇಷನ್ನಿನ ಒಳಗೆ ಕೂತು ನನ್ನ ಕೈಯಾರೆ ಹಾಕಿದ್ದೇನೆ.

ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಬೆಂಗಳೂರಿನಲ್ಲೇ, 2001ರಲ್ಲಿ. ಅದಾದ ಕೆಲವು ವರ್ಷಕ್ಕೆ ನಾನು ಇನ್ನೊಂದು ಸ್ಟೇಷನ್ ಸೇರಿದೆ. ಹಿಂದಿ ಹಾಡೇ ಜಾಸ್ತಿ ಎಂದು ಕನ್ನಡ ಸಂಘಟನೆಗಳವರು ಒಂದು ದಿನ ಬಾಗಿಲಿಗೆ ಬಂದರು. ಆಡಳಿತದವರು ಹೊರಗೆ ಬಂದು, ಇನ್ನು ಮುಂದೆ ಮೂರರಲ್ಲಿ ಒಂದು ಹಾಡು ಕನ್ನಡದ್ದು ಎಂದು ಮಾತು ಕೊಟ್ಟರು. ಕೊಟ್ಟ ಮಾತನ್ನು ಅಂಕಿಗೆ ಇಳಿಸುವ ಕೆಲಸ ನನ್ನ ಮೇಜಿಗೆ ಬಂತು.

ಹಾಡಿನ ಪಟ್ಟಿಯನ್ನು ಕಂಪ್ಯೂಟರೇ ಹಾಕುತ್ತದೆ. ಪ್ರತಿ ಗಂಟೆಗೂ ಒಂದು ಚಕ್ರದ ಚಿತ್ರ ಇರುತ್ತದೆ, ನಾವು ಅದನ್ನು ಕ್ಲಾಕ್ ಅನ್ನುತ್ತಿದ್ದೆವು. ಅದರ ಒಂದೊಂದು ಹೋಳಿಗೂ ಒಂದೊಂದು ಗುರುತು: ಇಲ್ಲಿ ಹೊಸ ಹಿಟ್, ಇಲ್ಲಿ ಹಳೆಯದು, ಇಲ್ಲಿ ಜಾಹೀರಾತು, ಇಲ್ಲಿ ಆರ್‌ಜೆ ಮಾತು. ಗಂಟೆಗೆ 12 ಹಾಡು ಅಂದರೆ ದಿನಕ್ಕೆ 288. ಮೂರರಲ್ಲಿ ಒಂದು ಅಂದರೆ 96. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಆರ್‌ಜೆ ಇರುವುದಿಲ್ಲ, ಜಾಹೀರಾತು ಇಲ್ಲವೆಂದರೂ ಸರಿ. ಆ ಆರು ಗಂಟೆಯನ್ನು ಪೂರ್ತಿ ಕನ್ನಡಕ್ಕೆ ಬಿಟ್ಟುಕೊಟ್ಟರೆ 72 ಹಾಡು ಅಲ್ಲೇ ಮುಗಿಯಿತು. ಉಳಿದದ್ದು 24. ಹಗಲಿನ ಹದಿನೆಂಟು ಗಂಟೆಗೆ ಹಂಚಿದರೆ ಗಂಟೆಗೆ ಒಂದು, ಮೂರು ಗಂಟೆಗೊಮ್ಮೆ ಎರಡು. ತಿಂಗಳ ಕೊನೆಯಲ್ಲಿ ಯಾರು ಬಂದು ಪಟ್ಟಿ ಕೇಳಿದರೂ ಮೂರರಲ್ಲೊಂದು ಸರಿಯಾಗಿ ಇರುತ್ತಿತ್ತು. ಕೊಟ್ಟ ಮಾತು ತಪ್ಪಿರಲಿಲ್ಲ. ಹಗಲು ಕೇಳುವವರ ಕಿವಿಗೆ ಮಾತ್ರ ಕನ್ನಡ ಬಿದ್ದಿರಲಿಲ್ಲ. ನೀವು ಕ್ಯಾಬಿನಲ್ಲಿ ಕೂತಿದ್ದ ಮುಕ್ಕಾಲು ಗಂಟೆ ಇಂಥದ್ದೇ ಒಂದು ಹೊತ್ತು ಇದ್ದೀತು. (ಪೂರ್ತಿ ಕನ್ನಡವನ್ನೇ ಹಾಕುವ ಸ್ಟೇಷನ್‌ಗಳೂ ಬೆಂಗಳೂರಿನಲ್ಲಿವೆ ಎಂಬುದನ್ನೂ ಹೇಳಬೇಕು. ಯಾವ ಕಾನೂನೂ ಅವರನ್ನು ಕಟ್ಟಿಹಾಕಲಿಲ್ಲ. ಕನ್ನಡ ಕೇಳುವವರು ಇದ್ದಾರೆಂದು ಗೊತ್ತಾದ ಮೇಲೆ ಅಂಗಡಿಯವರು ಜಾಹೀರಾತು ಕೊಟ್ಟರು, ಅಷ್ಟೆ.)

ಇದು ನಮ್ಮವರೊಬ್ಬರದೇ ಬುದ್ಧಿಯಲ್ಲ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಡೆ ಇದ್ದಾರೆ. ಕೆನಡಾದಲ್ಲಿ ಮೊದಮೊದಲು ತಮ್ಮ ದೇಶದ ಹಾಡುಗಳನ್ನು ಯಾರೂ ಕೇಳದ ಹೊತ್ತಿಗೆ ಗುಡ್ಡೆ ಹಾಕುತ್ತಿದ್ದರು. ಅದಕ್ಕೆ 'ಬೀವರ್ ಅವರ್' ಎಂಬ ಹೆಸರೇ ಬಿದ್ದಿತ್ತು. ಬೀವರ್ ಅವರ ರಾಷ್ಟ್ರೀಯ ಪ್ರಾಣಿ. ಆಮೇಲೆ ಸರ್ಕಾರದವರು, ವಾರದ ಲೆಕ್ಕ ಒಂದೇ ಸಾಲದು, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6ರಿಂದ ಸಂಜೆ 6ರ ಒಳಗೂ ನೂರಕ್ಕೆ 35 ಇರಬೇಕು ಎಂದು ಸೇರಿಸಿದರು. ಆಸ್ಟ್ರೇಲಿಯಾದಲ್ಲಿ ಬೆಳಿಗ್ಗೆ 6ರಿಂದ ಮಧ್ಯರಾತ್ರಿಯವರೆಗಿನ ಹಾಡಷ್ಟೇ ಲೆಕ್ಕಕ್ಕೆ ಬರುತ್ತದೆ. ಫ್ರಾನ್ಸಿನ ಸ್ಟೇಷನ್‌ಗಳು ಇನ್ನೊಂದು ದಾರಿ ಹಿಡಿದವು. ಹೊತ್ತು ಸರಿಯಾಗಿಯೇ ಇತ್ತು, ಆದರೆ ನಾಲ್ಕಾರು ಹಿಟ್ ಹಾಡುಗಳನ್ನೇ ದಿನವಿಡೀ ತಿರುಗಿಸಿ ತಿರುಗಿಸಿ ಶೇಕಡಾ ತುಂಬಿಸಿದರು. ಅದಕ್ಕೇ 2016ರಲ್ಲಿ ಹೊಸ ಷರತ್ತು ಬಂತು: ಒಂದು ಸ್ಟೇಷನ್ ಹಾಕುವ ಫ್ರೆಂಚ್ ಹಾಡಿನ ಸರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹತ್ತೇ ಹಾಡು ನುಂಗಿದರೆ, ಆ ಹೆಚ್ಚಿನದು ಲೆಕ್ಕಕ್ಕಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫಿಲಿಪ್ಪೀನ್ಸಿನದು. 1987ರಲ್ಲಿ ಅಧ್ಯಕ್ಷೆ ಕೊರಾಜೋನ್ ಅಕಿನೊ ಹೊರಡಿಸಿದ ಆದೇಶದಲ್ಲಿ ಶೇಕಡಾವಾರು ಲೆಕ್ಕವಿಲ್ಲ. ಗಂಟೆಗೆ ಕನಿಷ್ಠ ನಾಲ್ಕು ಹಾಡು ತಮ್ಮವರದ್ದು. ಗಂಟೆ ಲೆಕ್ಕ ಇಟ್ಟರೆ ರಾತ್ರಿಗೆ ಸಾಗಹಾಕಲು ಆಗುವುದಿಲ್ಲ.

ಇನ್ನು ಹಾಸನದ ಮಾತು. 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಹಾಸನವೂ ಇದೆ, ಚಿಕ್ಕಮಗಳೂರೂ ಇದೆ. ಬಂದರೆ ಕನ್ನಡ ಹಾಡು ಬರುತ್ತದೋ ಇಲ್ಲವೋ ಎಂಬ ಚಿಂತೆ ಬೇಡ, ಇಲ್ಲಿ ಕನ್ನಡ ಹಾಕದೆ ಅವರಿಗೆ ವ್ಯಾಪಾರವೇ ಇಲ್ಲ. ನನ್ನ ಚಿಂತೆ ಬೇರೆ. ಒಂದೇ ಕಂಪನಿಯ ಸ್ಟೇಷನ್‌ಗಳು ಒಂದರ ಕಾರ್ಯಕ್ರಮವನ್ನು ಇನ್ನೊಂದರಲ್ಲಿ ಬಿತ್ತರಿಸಲು ಆ ಮೂರನೇ ಹಂತದ ನೀತಿಯಲ್ಲಿ ಅವಕಾಶವಿದೆ. ಬೆಂಗಳೂರಿನಲ್ಲಿ ಕೂತವರು ಹಾಕಿದ ಪಟ್ಟಿ ಹಾಸನದ ಟವರಿನಿಂದ ಹೊರಟರೆ, ಅದು ಕನ್ನಡವೇ ಆದರೂ ವರ್ಷವಿಡೀ ಅದೇ ನಲವತ್ತು ಸಿನಿಮಾ ಹಾಡು. ಅದಕ್ಕೆ ನೀವು ಕೇಳಬೇಕಾದ್ದು ಶೇಕಡಾ ಅಲ್ಲ. ಹಗಲು ಹೊತ್ತಿನ ಪ್ರತಿ ಗಂಟೆಯಲ್ಲೂ ಈ ಜಿಲ್ಲೆಯವರು ಹಾಡಿದ ಒಂದು ಹಾಡು, ವಾರದಲ್ಲಿ ಬೇರೆ ಬೇರೆ ಎಷ್ಟು ಹಾಡು ಬಂತು ಎಂಬ ಪಟ್ಟಿ, ಮತ್ತು ಹಾಡಿದವರ ಹೆಸರು. ಕೊನೆಯದು ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಪ್ರಶ್ನೆ: ಕನ್ನಡ ಹಾಡಿಗೆ ಮೀಸಲಾತಿ ಎನ್ನುವುದಾದರೆ ಯಾವುದು ಕನ್ನಡ ಹಾಡು? ನಮ್ಮ ಎಷ್ಟೋ ಒಳ್ಳೆಯ ಹಾಡು ಹಾಡಿದವರು ಕನ್ನಡದವರೇ ಅಲ್ಲವಲ್ಲ? (ಚಿಕ್ಕಮಗಳೂರಿನ ನಿವೃತ್ತ ಶಿಕ್ಷಕಿ)

ಉತ್ತರ: ಟೀಚರ್, ಎರಡು ಬಗೆಯ ಅಳತೆಗೋಲು ಇವೆ. ಫ್ರಾನ್ಸಿನವರು ನೋಡುವುದು ಭಾಷೆಯನ್ನು. ಹಾಡಿದವರು ಯಾವ ದೇಶದವರಾದರೂ ಆಗಲಿ. ಕೆನಡಾದವರು 1971ರಿಂದ ನೋಡುತ್ತ ಬಂದದ್ದು ನಾಲ್ಕು ಅಂಶ: ರಾಗ ಹಾಕಿದವರು ಯಾರು, ಹಾಡಿದವರು ಯಾರು, ಧ್ವನಿಮುದ್ರಣ ಎಲ್ಲಿ, ಸಾಹಿತ್ಯ ಯಾರದು. ನಾಲ್ಕರಲ್ಲಿ ಎರಡು ಕೆನಡಾದ್ದಾದರೆ ಹಾಡು ಕೆನಡಾದ್ದು.

ಇದನ್ನು ನಮ್ಮ ಹಾಡುಗಳ ಮೇಲೆ ಇಟ್ಟು ನೋಡಿ. ರಾಜನ್–ನಾಗೇಂದ್ರರ ರಾಗ, ಚಿ. ಉದಯಶಂಕರರ ಸಾಹಿತ್ಯ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ, ಮದರಾಸಿನ ಸ್ಟುಡಿಯೊ. ರಾಗ, ಸಾಹಿತ್ಯ ಎರಡು ನಮ್ಮದು, ಹಾಡು ಪಾಸು. ಈಗ ಇಳಯರಾಜ ರಾಗ ಹಾಕಿ, ಎಸ್. ಜಾನಕಿ ಹಾಡಿ, ಮದರಾಸಿನಲ್ಲೇ ಮುದ್ರಿಸಿದ ಹಾಡೊಂದನ್ನು ತೆಗೆದುಕೊಳ್ಳಿ. ಕನ್ನಡದವರದ್ದು ಸಾಹಿತ್ಯವೊಂದೇ. ನಾಲ್ಕಕ್ಕೆ ಒಂದು, ಹಾಡು ಫೇಲು! ನಿಮ್ಮ ಕ್ಲಾಸಿನ ಮಕ್ಕಳೆಲ್ಲ ಅದನ್ನು ಕನ್ನಡ ಹಾಡೆಂದೇ ಗುನುಗಿಕೊಂಡು ಬೆಳೆದಿರುತ್ತಾರೆ. ಕೆನಡಾದವರಿಗೂ ಈ ಪೇಚು ಬಂದಿತ್ತು. ಅವರ ನೆಲದಲ್ಲೇ ಹುಟ್ಟಿದ ದೊಡ್ಡ ಗಾಯಕ ಬ್ರಯಾನ್ ಆ್ಯಡಮ್ಸ್ 1991ರಲ್ಲಿ ಹೊರದೇಶದವರೊಬ್ಬರ ಜೊತೆ ಸೇರಿ ಕಟ್ಟಿದ ಹಾಡುಗಳು ಈ ಲೆಕ್ಕದಲ್ಲಿ ಕೆನಡಾದ ಹಾಡುಗಳೇ ಆಗಲಿಲ್ಲ. ದೊಡ್ಡ ಗಲಾಟೆಯಾಗಿ ನಿಯಮ ಸಡಿಲಿಸಿದರು.

ನಾನಂತೂ ಭಾಷೆಯ ಪರ. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸರ ದನಿಯನ್ನು ಕನ್ನಡದ್ದಲ್ಲ ಎನ್ನುವ ಯಾವ ಕಾನೂನೂ ನನಗೆ ಬೇಡ.

ಪ್ರಶ್ನೆ: ಒಂದು ಕಾಲದಲ್ಲಿ ಆಕಾಶವಾಣಿಯಲ್ಲಿ ಸಿನಿಮಾ ಹಾಡೇ ಬರುತ್ತಿರಲಿಲ್ಲ ಎಂದು ನಮ್ಮಜ್ಜ ಹೇಳುತ್ತಾರೆ. ನಿಜವೇ? (ಅರಸೀಕೆರೆಯ ಕಾಲೇಜು ವಿದ್ಯಾರ್ಥಿ)

ಉತ್ತರ: ನಿಮ್ಮಜ್ಜ ಹೇಳಿದ್ದು ಸರಿ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತ ಉಳಿಯಬೇಕೆಂಬ ಹಂಬಲ. ಸಿನಿಮಾ ಹಾಡನ್ನು ಒತ್ತರಿಸಿದರು. ಜನ ಏನು ಮಾಡಿದರು? ರೇಡಿಯೊದ ತಿರುಗಣೆ ತಿರುಗಿಸಿ ಶ್ರೀಲಂಕಾದ ರೇಡಿಯೊ ಸಿಲೋನಿಗೆ ಹೋದರು. ಬುಧವಾರ ರಾತ್ರಿ ಎಂಟಕ್ಕೆ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಶುರುವಾದರೆ, ಹಾಸನದ ನಮ್ಮ ಬೀದಿಯಲ್ಲಿ ರೇಡಿಯೊ ಇದ್ದ ಒಂದೇ ಮನೆಯ ಜಗಲಿ ತುಂಬುತ್ತಿತ್ತಂತೆ, ಹಿಂದಿ ಒಂದಕ್ಷರ ಬಾರದವರೂ ಕೂರುತ್ತಿದ್ದರಂತೆ. ಅಪ್ಪ ಹೇಳುತ್ತಿದ್ದರು. ಕಡೆಗೆ 1957ರ ಅಕ್ಟೋಬರ್ 3ರಂದು ಸಿನಿಮಾ ಹಾಡು ಹಾಕುವ ಆಕಾಶವಾಣಿಯದೇ ವಿವಿಧ ಭಾರತಿ ಶುರುವಾಯಿತು. ಆಗ ತಿರುಗಣೆ ಇದ್ದಂತೆ ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹಾಗಾಗಿ ಬೇರೆ ಹಾಡು ಬೇಡ ಎನ್ನುವ ನಿಯಮ ನಿಲ್ಲುವುದಿಲ್ಲ. ನಮ್ಮದೂ ಇರಲಿ ಎನ್ನುವುದಕ್ಕೆ ಜಾಗ ಇದೆ.

ಪ್ರಶ್ನೆ: ನಮ್ಮೂರ ಹೆಂಗಸರು ಸೋಬಾನೆ ಪದ, ರಾಗಿ ಬೀಸುವ ಪದ ಚೆನ್ನಾಗಿ ಹಾಡುತ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಎಫ್‌ಎಂಗೆ ಕೊಟ್ಟರೆ ಹಾಕುತ್ತಾರೆಯೇ? (ಅರಕಲಗೂಡು ಕಡೆಯ ಅಂಗನವಾಡಿ ಕಾರ್ಯಕರ್ತೆ)

ಉತ್ತರ: ತಾಯಿ, ನಿಮ್ಮ ಪತ್ರಕ್ಕಾಗಿಯೇ ಮೇಲಿನ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದೆ.

ನಾನು ಕೆಲಸ ಮಾಡುತ್ತಿದ್ದ ಸ್ಟೇಷನ್ನಿಗೆ ಒಮ್ಮೆ ಯಾರೋ ಒಂದು ಸಿಡಿ ತಂದುಕೊಟ್ಟಿದ್ದರು. ಹೆಂಗಸರ ತಂಡದ ಸೋಬಾನೆ ಪದಗಳು, ಒಂಬತ್ತು ಹಾಡು. ಅದನ್ನು ಕಂಪ್ಯೂಟರಿಗೆ ಏರಿಸಿ 'ಫೋಕ್ 1', 'ಫೋಕ್ 2' ಎಂದು ಹೆಸರಿಟ್ಟು, ರಾತ್ರಿಯ ಆ 72ರ ಲೆಕ್ಕಕ್ಕೆ ಸೇರಿಸಿದೆ. ಒಂದು ದಿನ ಬೆಳಿಗ್ಗೆ ಬಂದಾಗ ಸ್ಟೇಷನ್ನಿನ ನಂಬರಿಗೆ ಒಂದು ಎಸ್‌ಎಂಎಸ್ ಬಂದಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಕಳಿಸಿದ ಹೊತ್ತು 2.40. ಎಟಿಎಂ ಒಂದರ ರಾತ್ರಿ ಪಾಳಿಯ ಕಾವಲುಗಾರರು. 'ಈಗ ಬಂದ ಪದ ಹಾಡಿದ್ದು ಯಾವ ಊರಿನವರು, ನಮ್ಮ ಹೊಳೆನರಸೀಪುರದ ಕಡೆ ಮಾತಿನ ಹಾಗೆ ಇತ್ತು' ಎಂದು ಕೇಳಿದ್ದರು. ಪಟ್ಟಿ ತೆಗೆದು ನೋಡಿದೆ: 2.36, ಫೋಕ್ 7. ಅಷ್ಟೇ ಇತ್ತು. ಸಿಡಿಯ ಡಬ್ಬಿ ಯಾವತ್ತೋ ಕಸಕ್ಕೆ ಹೋಗಿತ್ತು. ತಂದುಕೊಟ್ಟವರ ಹೆಸರು ಬಾಗಿಲಲ್ಲಿದ್ದವರಿಗೂ ನೆನಪಿರಲಿಲ್ಲ. ಆ ಕಾವಲುಗಾರರಿಗೆ ನಾನು ಉತ್ತರ ಕಳಿಸಲೇ ಇಲ್ಲ, ಕಳಿಸಲು ಉತ್ತರವೇ ಇರಲಿಲ್ಲ. ಆ ಒಂಬತ್ತು ಹಾಡು ಹಾಡಿದ ಹೆಂಗಸರಿಗೆ ತಮ್ಮ ದನಿ ಬೆಂಗಳೂರಿನ ಗಾಳಿಯಲ್ಲಿ ಬಂದದ್ದು ಗೊತ್ತೇ ಆಗಿರಲಾರದು. ಇದು ನನ್ನಿಂದಾದ ತಪ್ಪು. ಹಾಸನ ಆಕಾಶವಾಣಿಯಲ್ಲಿ ಜನಪದ ಗೀತೆ ಮುಗಿದ ಮೇಲೆ 'ಹಾಡಿದವರು' ಎಂದು ಹೆಸರು ಹೇಳುವಾಗ ಈಗಲೂ ನಾನು ಕೈಲಿದ್ದ ಕೆಲಸ ಬಿಟ್ಟು ಕೇಳುತ್ತೇನೆ.

ಆದ್ದರಿಂದ ಹೀಗೆ ಮಾಡಿ. ಮೊದಲು ಆಕಾಶವಾಣಿಯಲ್ಲಿ ವಿಚಾರಿಸಿ; ಅಲ್ಲಿ ಧ್ವನಿ ಪರೀಕ್ಷೆ ಇರುತ್ತದೆ, ಪಾಸಾದ ಕಲಾವಿದರಿಗೆ ಸಂಭಾವನೆಯೂ ಇದೆ. ಖಾಸಗಿಯವರಿಗೆ ಕೊಡುವುದಾದರೆ ಮೊಬೈಲಿನ ರೆಕಾರ್ಡು ಸಾಲದು. ಫ್ಯಾನು, ಕೋಳಿ, ಪಾತ್ರೆಯ ಸದ್ದು ಕೇಳಿದರೆ ಪಕ್ಕಕ್ಕಿಟ್ಟುಬಿಡುತ್ತಾರೆ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಿಟಕಿ ಮುಚ್ಚಿ, ನೆಲಕ್ಕೆ ಜಮಖಾನ ಹಾಸಿ ಹಾಡಿಸಿದರೆ ಸದ್ದು ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ಒಂದೊಂದು ಹಾಡು ನಾಲ್ಕು ನಿಮಿಷದೊಳಗಿರಲಿ, ಉದ್ದದ್ದನ್ನು ಎರಡು ಮಾಡಿ. ಪ್ರಸಾರಕ್ಕೆ ಒಪ್ಪಿಗೆ ಇದೆ ಎಂದು ಹಾಡಿದವರೆಲ್ಲರ ಸಹಿ ಅಥವಾ ಹೆಬ್ಬೆಟ್ಟಿನ ಒಂದು ಕಾಗದ ಜೊತೆಗಿರಲಿ. ಅದಿಲ್ಲದಿದ್ದರೆ ಹಕ್ಕಿನ ತಕರಾರಿಗೆ ಹೆದರಿ ಯಾವ ಸ್ಟೇಷನ್ನಿನವರೂ ಮುಟ್ಟುವುದಿಲ್ಲ. ಕೊಟ್ಟ ಮೇಲೆ, ಯಾವ ಹೊತ್ತಿಗೆ ಹಾಕುತ್ತೀರಿ ಎಂದು ಬಾಯಿಬಿಟ್ಟು ಕೇಳಿ.

ಫೈಲನ್ನು ಕಳಿಸುವಾಗ ಫೈಲಿನ ಹೆಸರಿನಲ್ಲೇ ತಂಡದ ಮುಖ್ಯ ಗಾಯಕಿಯ ಹೆಸರನ್ನೂ ಊರಿನ ಹೆಸರನ್ನೂ ಬರೆಯಿರಿ. ಕಾಗದ ಕಳೆದುಹೋದರೂ ಅದು ಹಾಡಿನ ಜೊತೆಗೇ ಹೋಗುತ್ತದೆ.